ಕಲ್ಲಿನ ವಯಸ್ಸು ಯಾರು ನೋಡಿದ್ದು?

"ಈ ಕಲ್ಲಿಗೆ ಕೋಟಿಗಟ್ಟಲೆ ವರ್ಷ ಅಂತೀರಲ್ಲ, ಯಾರು ನೋಡಿದ್ದು ಮಾರಾಯ್ರೇ?"

ನಾನು ಭೂವಿಜ್ಞಾನ ಓದಿದ್ದು. ಉಡುಪಿಯಲ್ಲಿ ಯಾವ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ಈ ಪ್ರಶ್ನೆ ಬರುತ್ತದೆ. ಇನ್ನು ಬಾಯಲ್ಲಿ ಹೇಳುವುದಿಲ್ಲ, ಇಲ್ಲೇ ಓದಿಕೊಳ್ಳಿ. ಯಾರೂ ನೋಡಿಲ್ಲ. ಅಳೆದಿದ್ದೇವೆ.

"ಓ, ಕಾರ್ಬನ್ ಡೇಟಿಂಗಾ?" ಅಲ್ಲ. ಅದು ಮರ, ಎಲುಬು, ಇದ್ದಿಲಿಗೆ. ಅವುಗಳಲ್ಲಿರುವ ಒಂದು ಬಗೆಯ ಕಾರ್ಬನ್, ಕಾರ್ಬನ್-14, ಪ್ರತಿ 5,730 ವರ್ಷಕ್ಕೆ ಅರ್ಧವಾಗುತ್ತದೆ. ಸುಮಾರು 50 ಸಾವಿರ ವರ್ಷ ದಾಟಿದರೆ ಅಳೆಯುವಷ್ಟು ಉಳಿಯುವುದೇ ಇಲ್ಲ.

ಒಮ್ಮೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಬೋಟಿನಲ್ಲಿ ಹಿರಿಯರೊಬ್ಬರು ದಾರಿಯುದ್ದಕ್ಕೂ ವಾದ ಮಾಡಿದರು. "ಆ ದ್ವೀಪದ ಕಲ್ಲಿನ ಕಂಬಗಳನ್ನು ಯಾರೋ ಕಡೆದು ನಿಲ್ಲಿಸಿದ್ದು. ನಿಮ್ಮದೆಲ್ಲ ಸುಮ್ನೆ ಅಂದಾಜು." ನನಗೆ ಸಿಟ್ಟು ಬಂತು. ಇಳಿದ ಮೇಲೆ ಕಂಬಗಳ ಎದುರೇ ನಿಲ್ಲಿಸಿ ಹೇಳಿದೆ. ಇದು ಲಾವಾ. ತಣಿಯುವಾಗ ಕುಗ್ಗಿ, ಬಿರುಕು ಬಿಟ್ಟು ಕಂಬಕಂಬವಾಯಿತು. ಅದರೊಳಗೆ ಪೊಟ್ಯಾಸಿಯಂ ಇದೆ. ಅದರಲ್ಲಿ ಒಂದು ಬಗೆ, ಪೊಟ್ಯಾಸಿಯಂ-40, 125 ಕೋಟಿ ವರ್ಷಕ್ಕೆ ಅರ್ಧವಾಗುತ್ತದೆ. ಒಂದು ಪಾಲು ಆರ್ಗಾನ್ ಅನಿಲವಾಗುತ್ತದೆ. ಕಲ್ಲು ಕರಗಿದ್ದಾಗ ಆರ್ಗಾನ್ ಹೊರಗೆ ಹೋಗುತ್ತದೆ, ಗಟ್ಟಿಯಾದ ಮೇಲೆ ಒಳಗೇ ಸಿಕ್ಕಿಬೀಳುತ್ತದೆ. ಎಷ್ಟು ಸೇರಿದೆ ಅಂತ ಅಳೆದರೆ ತಣಿದ ಕಾಲ ಸಿಗುತ್ತದೆ. ಇಲ್ಲಿ ಅದು ಸುಮಾರು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ಕರಾವಳಿಯಿಂದ ಬೇರೆಯಾಗುತ್ತಿದ್ದ ಕಾಲ. ಅಲ್ಲಿಯ ಲಾವಾದ ವಯಸ್ಸೂ ಹತ್ತಿರಹತ್ತಿರ ಅಷ್ಟೇ.

"ನಿಮ್ಮ ಲೆಕ್ಕ ತಪ್ಪಿದ್ದರೆ?" ಅಂದರು. ನ್ಯಾಯವಾದ ಪ್ರಶ್ನೆ. ಅದಕ್ಕೇ ಜಿರ್ಕಾನ್ ಅನ್ನುವ ಹರಳನ್ನು ಹುಡುಕುತ್ತೇವೆ. ಅದು ಹುಟ್ಟುವಾಗ ಯುರೇನಿಯಂ ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಮ್ಮಿ ಬಿಟ್ಟುಕೊಳ್ಳುವುದೇ ಇಲ್ಲ. ಯುರೇನಿಯಂನಲ್ಲಿ ಎರಡು ಬಗೆ. ಒಂದು 447 ಕೋಟಿ ವರ್ಷಕ್ಕೆ ಅರ್ಧವಾಗುತ್ತದೆ, ಇನ್ನೊಂದು 70 ಕೋಟಿಗೆ. ಎರಡೂ ಬೇರೆ ಬೇರೆ ಬಗೆಯ ಸೀಸ ಆಗುತ್ತವೆ. ಎರಡು ಲೆಕ್ಕವೂ ಒಂದೇ ವಯಸ್ಸು ಕೊಟ್ಟರೆ ಅದನ್ನು ಅಂದಾಜು ಅಂತ ತಳ್ಳಿಹಾಕುವುದು ಹೇಗೆ?

ನನಗೆ ನಿಜವಾಗಿ ಬೇಕಾದ ಪ್ರಶ್ನೆ ಬೇರೆ. ಯಾವುದರ ವಯಸ್ಸು? ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ್ದು 1432ರಲ್ಲಿ. ಆ ಕಲ್ಲು ಆಳದಲ್ಲಿ ಹುಟ್ಟಿದ್ದು ಒಂದು ಕಾಲ. ಮೇಲಿನದ್ದೆಲ್ಲ ಸವೆದು ಅದು ಬೆಳಕಿಗೆ ಬಂದದ್ದು ಇನ್ನೊಂದು ಕಾಲ. ಇದನ್ನು ಯಾರೂ ಕೇಳುವುದಿಲ್ಲ, ನನಗೆ ಇದರಲ್ಲೇ ಜೀವ.

ಅಪಟೈಟ್ ಅನ್ನುವ ಖನಿಜದಲ್ಲಿ ಯುರೇನಿಯಂ ಒಡೆದಾಗ ಸಣ್ಣ ಗೀರು ಬೀಳುತ್ತದೆ. ಸುಮಾರು 110 ಡಿಗ್ರಿಗಿಂತ ಜಾಸ್ತಿ ಬಿಸಿ ಇದ್ದರೆ ಗೀರು ಮಾಸಿಹೋಗುತ್ತದೆ. ನೆಲದೊಳಗೆ ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿ ಬಿಸಿ ಏರುತ್ತದೆ. ಅಂದರೆ ಗೀರು ಉಳಿಯತೊಡಗಿದ ಹೊತ್ತಿಗೆ ಕಲ್ಲು ಮೂರು ಕಿಲೋಮೀಟರ್ ಆಸುಪಾಸಿನ ಆಳಕ್ಕೆ ಬಂದಿತ್ತು. ಆಮೇಲೆ ಕಂಪ್ಯೂಟರಿನಲ್ಲಿ ಹಲವು ದಾರಿ ಹಾಕಿ ನೋಡುತ್ತೇವೆ: ಬೇಗ ಮೇಲೆ ಬಂದಿದ್ದರೆ ಗೀರುಗಳು ಎಷ್ಟು ಉದ್ದ, ನಿಧಾನಕ್ಕೆ ಬಂದಿದ್ದರೆ ಎಷ್ಟು? ಅಳೆದ ಗೀರಿಗೆ ಹೊಂದದ ದಾರಿಯನ್ನು ಬಿಟ್ಟುಬಿಡುತ್ತೇವೆ. ಘಟ್ಟದಿಂದ ಮಳೆ ಎಷ್ಟು ಕಲ್ಲು ಸವೆಸಿ ಕಡಲಿಗೆ ಒಯ್ದಿದೆ ಅನ್ನುವ ಲೆಕ್ಕ ಶುರುವಾಗುವುದು ಇಲ್ಲಿಂದ. ಮುಂದಿನ ಪಂಕ್ತಿಯಲ್ಲಿ ಇದನ್ನು ಕೇಳಿ. ಪಾಯಸ ಬರುವವರೆಗೆ ಹೇಳುತ್ತೇನೆ.