ಕೋಟಿನ ಜೇಬಿನಲ್ಲಿ 300 ಮಾರ್ಕು

ಜರ್ಮನಿಯ ಲೈಪ್‌ಜಿಗ್‌ನಲ್ಲಿ ನಮ್ಮ ಕೆಳಮನೆಯಲ್ಲಿರುವ ಅಜ್ಜಿಗೆ ಎಂಬತ್ತೈದರ ಹತ್ತಿರ. ಗಂಡ ತೀರಿಕೊಂಡು ವರ್ಷ ತುಂಬಿದ ಮೇಲೆ ಅವರ ಕೋಟುಗಳನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದು ತೆಗೆದಾಗ, ಒಂದರ ಒಳಜೇಬಿನಲ್ಲಿ ಹಳೇ ನೋಟುಗಳು ಸಿಕ್ಕವು, ಯೂರೋಗೂ ಮುಂಚೆ ಇಲ್ಲಿ ನಡೆಯುತ್ತಿದ್ದ ಮಾರ್ಕು. ನೂರು ಮಾರ್ಕಿನವು ಎರಡು, ಹತ್ತರವು ಹತ್ತು.

ಅಯ್ಯೋ, ಹೋಯಿತಲ್ಲ ದುಡ್ಡು ಅಂದುಕೊಂಡೆ. ನನ್ನ ಅಜ್ಜಿ ತೀರಿಕೊಂಡದ್ದು 2018ರಲ್ಲಿ. ತಿಪಟೂರಿನ ಮನೆಯ ಟ್ರಂಕಿನಲ್ಲಿ, ರೇಷ್ಮೆ ಸೀರೆಯ ಮಡಿಕೆಯೊಳಗೆ ಏಳು ಹಳೇ ಐನೂರರ ನೋಟುಗಳಿದ್ದವು. ಗಡುವು ಮುಗಿದು ಎಷ್ಟೋ ಕಾಲವಾಗಿತ್ತು. ಅಮ್ಮ ಅವನ್ನು ಹಿಡಿದುಕೊಂಡು ಸುಮ್ಮನೆ ಕೂತಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಕೆಳಮನೆಯವರು ಮಾತ್ರ ನಿರಾಳವಾಗಿದ್ದರು. "ಇದೇನೂ ಸತ್ತಿಲ್ಲ ಕಣೋ, ಬುಂಡೆಸ್‌ಬ್ಯಾಂಕಿಗೆ ಹೋಗೋಣ ನಡಿ" ಅಂದರು. ಅವರು ಹೇಳಿದ್ದು ನಿಜ. ಜರ್ಮನಿಯ ಕೇಂದ್ರ ಬ್ಯಾಂಕು ಮಾರ್ಕನ್ನು ಇವತ್ತಿಗೂ ಬದಲಾಯಿಸಿಕೊಡುತ್ತದೆ. ಗಡುವಿಲ್ಲ, ಶುಲ್ಕವಿಲ್ಲ. 1998ರ ಕೊನೆಯ ದಿನ ನಿಗದಿಯಾದ ದರವೇ ಈಗಲೂ: ಒಂದು ಯೂರೋಗೆ 1.95583 ಮಾರ್ಕು. 1,200 ಕೋಟಿಗೂ ಹೆಚ್ಚು ಮಾರ್ಕು ಇನ್ನೂ ವಾಪಸು ಬಂದಿಲ್ಲವಂತೆ. ಎಲ್ಲ ಕಡೆ ಹೀಗಿಲ್ಲ; ಫ್ರಾನ್ಸಿನಲ್ಲಿ ಫ್ರಾಂಕ್ ನೋಟುಗಳ ಬದಲಾವಣೆ 2012ರ ಫೆಬ್ರವರಿಗೇ ಮುಗಿಯಿತು.

ಟ್ರಾಮಿನಲ್ಲಿ ಅವರು ಹಳೆಯದನ್ನೆಲ್ಲ ಹೇಳಿದರು. ಹುಟ್ಟಿದಾಗ ರೈಖ್ಸ್‌ಮಾರ್ಕು. ಬೆಳೆದದ್ದು, ದುಡಿದದ್ದು ಪೂರ್ವ ಜರ್ಮನಿಯ ಮಾರ್ಕಿನಲ್ಲಿ. 1990ರಲ್ಲಿ ಪಶ್ಚಿಮ ಜರ್ಮನಿಯ ಮಾರ್ಕಾದ ಡಿ-ಮಾರ್ಕ್ ಬೇಕೆಂದು ಇದೇ ಊರಿನ ಬೀದಿಗಳಲ್ಲಿ ಜನ ಕೂಗುತ್ತಿದ್ದರಂತೆ: "ಡಿ-ಮಾರ್ಕ್ ಬಂದರೆ ಇಲ್ಲೇ ಇರ್ತೀವಿ, ಬರದಿದ್ದರೆ ಅದಿರೋ ಕಡೆಗೇ ಹೋಗ್ತೀವಿ!" ಆ ವರ್ಷದ ಜುಲೈ 1ಕ್ಕೆ ಬಂತು. ಅವರ ವಯಸ್ಸಿನವರಿಗೆ ಮೊದಲ 4,000 ಪೂರ್ವ ಮಾರ್ಕಿಗೆ ಒಂದಕ್ಕೊಂದರಂತೆ ಡಿ-ಮಾರ್ಕ್, ಅದಕ್ಕೂ ಮೇಲಿನ ಉಳಿತಾಯಕ್ಕೆ ಎರಡಕ್ಕೊಂದು. ಅಷ್ಟು ಹಂಬಲಿಸಿ ಪಡೆದ ದುಡ್ಡು ಕೈಯಲ್ಲಿದ್ದದ್ದು ಹನ್ನೊಂದೂವರೆ ವರ್ಷ. 2002ರ ಜನವರಿ 1ಕ್ಕೆ ಯೂರೋ ಬಂತು. ಬೆಲೆಯೆಲ್ಲ ಏರಿತೆಂದು ಜನ ಅದನ್ನು 'ಟಾಯ್ರೋ' ಅಂದರು. 'ಟಾಯರ್' ಅಂದರೆ ದುಬಾರಿ.

ಹತ್ತರ ನೋಟನ್ನು ನಾನು ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಅದರ ಮೇಲೆ ಗಣಿತಜ್ಞ ಗಾಸ್, ಪಕ್ಕದಲ್ಲೇ ಗಂಟೆಯಾಕಾರದ ವಕ್ರರೇಖೆ, ಸೂತ್ರದ ಸಮೇತ. ಸಂಖ್ಯಾಶಾಸ್ತ್ರ ಓದಿದವನಿಗೆ ಇದಕ್ಕಿಂತ ಚೆಂದದ ನೋಟು ಬೇಕೆ? ಯೂರೋ ನೋಟುಗಳ ಒಂದು ಬದಿಗೆ ಕಿಟಕಿ, ಬಾಗಿಲು, ಇನ್ನೊಂದು ಬದಿಗೆ ಸೇತುವೆ. ಯಾವ ದೇಶಕ್ಕೂ ಸೇರದಿರಲೆಂದು ಆ ಸೇತುವೆಗಳನ್ನೂ ಕಲ್ಪಿಸಿಯೇ ಬರೆದದ್ದು. ಅದರ ಕಾರಣ ನನಗೆ ಒಪ್ಪಿಗೆಯೇ, ಆದರೂ ಗಾಸ್‌ನ ಮುಖ ಬೇಕೆನಿಸುತ್ತದೆ.

ಒಂದು ನೋಟು ನನಗೆ ಕೊಡ್ತೀರಾ ಅಂದೆ. ಹತ್ತು ಯೂರೋ ಚಾಚಿದರೆ ತೆಗೆದುಕೊಳ್ಳಲಿಲ್ಲ. ಕೌಂಟರಿನಲ್ಲಿ ಉಳಿದ 290 ಮಾರ್ಕಿಗೆ 148 ಯೂರೋ 27 ಸೆಂಟ್ ಎಣಿಸಿಕೊಟ್ಟರು. ಹೊರಗೆ ಬಂದು, ಬೆಂಚಿನ ಮೇಲೆ ಕೂತು, ನನ್ನ ಚಿಲ್ಲರೆಯಿಂದ ಅಜ್ಜಿ ಸರಿಯಾಗಿ 5 ಯೂರೋ 11 ಸೆಂಟ್ ಆರಿಸಿಕೊಂಡರು. ಗಾಸ್‌ನನ್ನು ಪರ್ಸಿನಲ್ಲಿ ನನ್ನ ಅಜ್ಜಿಯ ಐನೂರರ ನೋಟಿನ ಪಕ್ಕಕ್ಕೆ ಇಟ್ಟುಕೊಂಡೆ.