ದರಕು ಗುಡಿಸುವ ಮೊದಲು

ಶಿರಸಿ ಕಡೆ ಸೊಪ್ಪಿನ ಬೆಟ್ಟವನ್ನು (ಅಡಕೆ ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಕಾಡು) ಹತ್ತು ವರ್ಷ ಕಡಿಯದೆ ಬಿಟ್ಟರೆ ಹಸಿರೇನೋ ತುಂಬುತ್ತದೆ. ಆ ಹಸಿರಿಗೆ ಸಾರಜನಕ ಬರುವ ದಾರಿ ಬೇರೆ, ರಂಜಕ (ಫಾಸ್ಫರಸ್) ಬರುವ ದಾರಿ ಬೇರೆ.

ಸಾರಜನಕದ ಚಿಂತೆ ಕಡಿಮೆ, ಅದು ಗಾಳಿಯಲ್ಲೇ ಇದೆ. ಹೊನ್ನೆ, ಬೀಟೆಯಂಥ ದ್ವಿದಳ ಮರಗಳ ಬೇರುಗಂಟಿನ ಬ್ಯಾಕ್ಟೀರಿಯಾ ಅದನ್ನು ಹಿಡಿದು ಕೊಡುತ್ತವೆ. ಪನಾಮಾದಲ್ಲಿ ಮರುಬೆಳೆಯುತ್ತಿರುವ ಕಾಡುಗಳ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ 12 ವರ್ಷಕ್ಕೆ ಬೇಕಾದ ಸಾರಜನಕದ ಅರ್ಧಕ್ಕಿಂತ ಹೆಚ್ಚು ಪಾಲು ಇಂಥ ಮರಗಳದ್ದೇ. ಮಳೆಗಾಲದಲ್ಲಿ ಎಳೆ ಗಿಡದ ಬುಡ ಬಿಡಿಸಿ ಒಂದು ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪಿದ್ದರೆ ಕೆಲಸ ನಡೆದಿದೆ. ಬೂದು, ಕಂದು ಇದ್ದರೆ ಸತ್ತಿದೆ. (ಕಾರವಾರದ ತೀರದ ಗಾಳಿಮರ ದ್ವಿದಳವಲ್ಲ. ಆದರೂ ಫ್ರಾಂಕಿಯಾ ಎಂಬ ಬ್ಯಾಕ್ಟೀರಿಯಾದ ಜೊತೆ ಇದೇ ವ್ಯವಹಾರ.)

ರಂಜಕಕ್ಕೆ ಗಾಳಿಯ ದಾರಿಯಿಲ್ಲ. ಜಂಬಿಟ್ಟಿಗೆ ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳು ಅದನ್ನು ಬಿಗಿಹಿಡಿಯುತ್ತವೆ. ಬೇರಿನ ಸುತ್ತ ಒಂದೆರಡು ಮಿ.ಮೀ. ಒಳಗಿದ್ದದ್ದು ಖಾಲಿಯಾಯಿತೋ, ಆಚೆಯದು ಹರಿದು ಬರುವುದಿಲ್ಲ. ಆ ಗಡಿ ದಾಟಿ ಹೋಗುವುದು ಶಿಲೀಂಧ್ರದ ಎಳೆ. ಮತ್ತಿ, ಹೊನ್ನೆಗಳಲ್ಲಿ ಅದು ಬೇರಿನ ಜೀವಕೋಶದೊಳಗೇ ಹೊಕ್ಕಿರುತ್ತದೆ. ಹೈಗದ ಮರದಲ್ಲಿ ಬೇರುತುದಿಗೆ ಹೊರಗಿನಿಂದ ಕವಚ ಹೊದಿಸಿರುತ್ತದೆ. ಎಲೆಯಲ್ಲಿ ಸೇರಿಕೊಂಡ ರಂಜಕವನ್ನು ಬಿಡಿಸಿಕೊಳ್ಳಲು ಬೇರು, ಶಿಲೀಂಧ್ರ ಎರಡೂ ಫಾಸ್ಫಟೇಸ್ ಕಿಣ್ವ ಸ್ರವಿಸುತ್ತವೆ. ದರಕಿನ (ಉದುರಿದ ಒಣ ಎಲೆಯ) ಅಡಿಯ ಪದರವನ್ನು ಮೆಲ್ಲಗೆ ಎತ್ತಿದರೆ ಅರೆಕೊಳೆತ ಎಲೆಯ ನರಕ್ಕೇ ಬಿಳಿ ಎಳೆ, ಸಪೂರ ಬೇರು ಅಂಟಿಕೊಂಡು ಬರುತ್ತವೆ. ಬೆಟ್ಟದ ಊಟ ನಡೆಯುವುದು ಅಲ್ಲೇ.

ಪ್ರತಿ ಬೇಸಿಗೆ ಆ ದರಕನ್ನು ಗುಡಿಸಿ ಹೊತ್ತರೆ ಬೆಟ್ಟದ ರಂಜಕ ತೋಟಕ್ಕೆ ವರ್ಗವಾಗುತ್ತದೆ, ಅಷ್ಟೇ. 1 ಎಕರೆ ಅಡಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಕೊಟ್ಟದ್ದು ಸುಮ್ಮನೆ ಅಲ್ಲ. ಬೆಂಕಿ ಬಿದ್ದರಂತೂ ಸಾರಜನಕ ಹೊಗೆಯಲ್ಲಿ ಹೋಗುತ್ತದೆ, ಬೂದಿಯಲ್ಲಿ ಉಳಿದ ರಂಜಕವನ್ನು ಇಳಿಜಾರಿನಲ್ಲಿ ಜೂನ್ ಮಳೆ ತೊಳೆದೊಯ್ಯುತ್ತದೆ. ರಂಜಕ ಸಾಲದಿದ್ದರೆ ಬೇರುಗಂಟೂ ಸೊರಗುತ್ತದೆ.

ಗಿಡ ನೆಡುವಾಗ ಗುಂಡಿಗೆ ಸೂಪರ್ ಫಾಸ್ಫೇಟ್ ಸುರಿಯುವುದು ನನ್ನ ಲೆಕ್ಕದಲ್ಲಿ ದಂಡ. ಬಹುಪಾಲು ಮಣ್ಣಿಗೇ ಅಂಟಿ ಕೂರುತ್ತದೆ; ಹೆಚ್ಚಾದರೆ ಗಿಡ ಶಿಲೀಂಧ್ರವನ್ನು ಹತ್ತಿರ ಸೇರಿಸುವುದಿಲ್ಲ. ಬದಲಿಗೆ ಅದೇ ಜಾತಿಯ ದೊಡ್ಡ ಮರದ ಬುಡದಿಂದ ಮೇಲಿನ 5–10 ಸೆಂ.ಮೀ. ಮಣ್ಣನ್ನು ಬೇರಿನ ಚೂರುಗಳ ಸಮೇತ ತಂದು, ನರ್ಸರಿ ಚೀಲಕ್ಕೆ ಒಂದೊಂದು ಹಿಡಿ ಹಸಿಯಿರುವಾಗಲೇ ಬೆರೆಸಿ. ಬಿಸಿಲಲ್ಲಿ ಒಣಗಿಸಿ ಜರಡಿ ಹಿಡಿದರೆ ಎಳೆಗಳು ಸಾಯುತ್ತವೆ. ಹೈಗಕ್ಕೆ ಹೈಗದ ಬುಡದ್ದೇ ಆಗಬೇಕು, ಮತ್ತಿ ಬುಡದಲ್ಲಿ ಅದರ ಶಿಲೀಂಧ್ರ ಸಿಗುವ ಖಾತ್ರಿಯಿಲ್ಲ.