ಜುಲೈ ಪುಟದ ಒಂದು ಗೆರೆ

ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಫೋನ್ ಬಂದಾಗ ನಾನು ಮೊದಲು ಹುಡುಕಿದ್ದು ಮಳೆ ಪುಸ್ತಕವನ್ನು. 2010ರಿಂದ 2013ರವರೆಗೆ, ಎಂಟನೇ ಕ್ಲಾಸಿನಿಂದ ಎಸ್ಸೆಸ್ಸೆಲ್ಸಿವರೆಗೆ, ನಮ್ಮ ಸಾಗರದ ಶಾಲೆಯ ಹಿತ್ತಲಲ್ಲಿದ್ದ ಮಳೆಮಾಪಕದ ಲೆಕ್ಕ ನನ್ನದು. ಬೆಳಿಗ್ಗೆ 8:30ಕ್ಕೆ ಸರಿಯಾಗಿ ಬಾಟಲಿಯ ನೀರನ್ನು ಅಳತೆಗಾಜಿಗೆ ಸುರಿದು ಎಷ್ಟು ಮಿಲಿಮೀಟರ್ ಎಂದು ಬರೆಯಬೇಕು. ಹವಾಮಾನ ಇಲಾಖೆಯವರು ಮಳೆ ಅಳೆಯುವುದೂ ಅದೇ ಹೊತ್ತಿಗೆ. ಜೋರು ಮಳೆಗೆ ರಜೆ ಕೊಟ್ಟ ದಿನವೂ ಹೋಗುತ್ತಿದ್ದೆ. ರಜೆ ಮಕ್ಕಳಿಗೆ, ಮಳೆಗಲ್ಲವಲ್ಲ.

ನನಗೆ ಆಟಿಸಂ ಇದೆ. ಆಗ 1995ರ ಅಂಗವಿಕಲರ ಕಾಯ್ದೆಯ ಏಳು ಬಗೆಗಳಲ್ಲಿ ಅದರ ಹೆಸರೇ ಇರಲಿಲ್ಲ; 2016ರಲ್ಲಿ ಪಟ್ಟಿ 21ಕ್ಕೆ ಬೆಳೆದಾಗ ಸೇರಿತು. ಅಷ್ಟರಲ್ಲಿ ನಾನು ಶಾಲೆ ಬಿಟ್ಟು ಮೂರು ವರ್ಷ. ಗಂಟೆ ಹೊಡೆದರೆ ಕಿವಿ ಮುಚ್ಚಿಕೊಳ್ಳುವವನು, ಕುಂತಲ್ಲೇ ತೂಗಾಡುವವನು ಎಂಬುದೇ ನನ್ನ ಗುರುತು. ಇನ್ನೊಂದಿತ್ತು: ಯಾವ ತಾರೀಕು ಕೇಳಿದರೂ ವಾರ ಹೇಳುತ್ತಿದ್ದೆ. ಮದುವೆಮನೆಗಳಲ್ಲಿ ನೆಂಟರು ನನ್ನನ್ನು ನಡುವೆ ನಿಲ್ಲಿಸಿಕೊಂಡು ಕೇಳಿದ್ದೇ ಕೇಳಿದ್ದು, ಕೋಲೆಬಸವನ ಹಾಗೆ.

ವಾರಕ್ಕೆರಡು ದಿನ ಬರುತ್ತಿದ್ದ ವಿಶೇಷ ಶಿಕ್ಷಕಿ ಮೇಡಂಗೆ ಈ ಆಟ ಹಿಡಿಸಲಿಲ್ಲ. "ಅದು ನಿಂಗೆ ಬರೋ ವಿದ್ಯೆ ಮಾರಾಯ. ನಿನ್ನ ಗುಣ ಯಾವುದು ಹೇಳು" ಎಂದರು. ಗುಣ ಎಂದರೆ ಜ್ವರ ಬಿಡುವುದು ಎಂದಷ್ಟೇ ನನಗೆ ಗೊತ್ತಿದ್ದದ್ದು.

ಪೀಟರ್‌ಸನ್ ಮತ್ತು ಸೆಲಿಗ್‌ಮನ್ ಎಂಬ ಅಮೆರಿಕದ ಇಬ್ಬರು ಮನಃಶಾಸ್ತ್ರಜ್ಞರು 2004ರಲ್ಲಿ 24 ಸದ್ಗುಣಗಳನ್ನು ಪಟ್ಟಿ ಮಾಡಿದ್ದಾರೆ. ಮೇಡಂ ಅವನ್ನು ಕನ್ನಡಕ್ಕೆ ತಂದು, ಹಳೆಯ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಒಂದೊಂದಾಗಿ ಬರೆದಿದ್ದರು. ನಾನು ಮುಂಬದಿ ಓದಿದೆ. ಒಂದರಲ್ಲಿ ತಾರೀಕಿಗೂ ವಾರಕ್ಕೂ ತಾಳೆ ಇರಲಿಲ್ಲ. ಅದನ್ನೂ ಹೇಳಿದೆ.

ಹಿಂಬದಿಯ ಪದಗಳು ಮಾತ್ರ ತಲೆಗೆ ಹತ್ತಲಿಲ್ಲ. ಧೈರ್ಯ ಅಂದರೆ ಹುಲಿಯ ಜೊತೆ ಹೋರಾಡುವುದು, ನಮ್ಮ ಕೇರಿಯಲ್ಲಿ ಹುಲಿ ಇಲ್ಲ, ಆದ್ದರಿಂದ ನನಗೆ ಧೈರ್ಯ ಇದೆಯೋ ಇಲ್ಲವೋ ಹೇಳಲಾಗದು ಎಂದು ವಾದಿಸಿದೆ. ಮೇಡಂ ವಿವರಿಸಲು ಹೋಗಲಿಲ್ಲ. ಮಳೆ ಪುಸ್ತಕ ತರಿಸಿದರು. ರಜೆ ಇದ್ದೂ ಅಂಕಿ ಬರೆದ ದಿನಗಳ ಮೇಲೆ 'ಛಲ' ಎಂಬ ಕಾರ್ಡ್ ಇಟ್ಟರು. ಜುಲೈ ಪುಟದಲ್ಲಿ ಒಂದು ದಿನ ಅಂಕಿಯ ಬದಲು ಬರೀ ಗೆರೆ ಇತ್ತು. ಯಾರೋ ಆಡುತ್ತಾ ಬಾಟಲಿ ತೆಗೆದು ನೀರು ಚೆಲ್ಲಿದ್ದರು. "ಅಂದಾಜಿಗೆ ಬರಿಯೋ, ಯಾರು ನೋಡ್ತಾರೆ" ಎಂದಿದ್ದರು ಹುಡುಗರು.

"ಇದು ಪ್ರಾಮಾಣಿಕತೆ" ಎಂದು ಮೇಡಂ ಆ ಗೆರೆಯ ಮೇಲೆ ಕಾರ್ಡ್ ಇಟ್ಟರು. ಅಲ್ಲಿಯವರೆಗೆ ನಾನು ಅದನ್ನು ನನ್ನ ತಪ್ಪು ಎಂದುಕೊಂಡಿದ್ದೆ.

ಗುಣ ಇದ್ದರೆ ಸಾಲದು, ಬಳಸಬೇಕು ಎಂದರು. ಬಳಸಿದೆ. ಬಿಸಿಯೂಟದ ಸಾಲಿನಲ್ಲಿ ನಡುವೆ ನುಗ್ಗಿದ ಮೇಷ್ಟರೊಬ್ಬರನ್ನು ಎಲ್ಲರೆದುರು ಹಿಂದಕ್ಕೆ ಹೋಗಿ ಎಂದೆ. ದೊಡ್ಡ ಗಲಾಟೆ. "ನೀರಿಗೆ ಅಳತೆಗಾಜು ಇಲ್ವಾ, ಮಾತಿಗೂ ಹಾಗೇ" ಎಂದರು ಮೇಡಂ. ಮಾತಿನ ಗಾಜು ಎಲ್ಲಿ ಸಿಗುತ್ತದೆ ಎಂದು ಕೇಳಿದೆ. ನಕ್ಕುಬಿಟ್ಟರು; ಆಮೇಲೆ ನೇರವಾಗಿ ಹೇಳಿದರು: "ತಪ್ಪು ಕಂಡರೆ ಮುಚ್ಚಿಡಬೇಡ. ಆದ್ರೆ ಮೊದ್ಲು ಅವರೊಬ್ಬರನ್ನೇ ಪಕ್ಕಕ್ಕೆ ಕರೆದು ಹೇಳು." ಇದು ಅರ್ಥವಾಯಿತು. ನನ್ನಂಥವರಿಗೆ ಕಲಿಸುವವರು ಉಪಮೆ ಕಡಿಮೆ ಮಾಡಿ ಇಂಥ ಮಾತು ಹೆಚ್ಚು ಹೇಳಿದರೆ ಒಳ್ಳೆಯದು.

ಧೈರ್ಯದ ಕಾರ್ಡ್ ಬಹಳ ದಿನ ಡಬ್ಬಿಯಲ್ಲೇ ಉಳಿದಿತ್ತು. ಹತ್ತನೇ ಕ್ಲಾಸಿನಲ್ಲಿ, ಪ್ರಾರ್ಥನೆ ಮುಗಿದ ಮೇಲೆ, ಕೀಂಯ್ ಎನ್ನುವ ಆ ಮೈಕಿನ ಮುಂದೆ ನಿಂತು ವಾರದ ಮಳೆ ಓದಿದೆ. ಅವತ್ತು ಮೇಡಂ ಬರುವ ದಿನವಲ್ಲ. ನಾನೇ ಹೋಗಿ ಡಬ್ಬಿ ತೆರೆದು ಕಾರ್ಡ್ ಎತ್ತಿಕೊಂಡೆ. ಈಗಲೂ ನನ್ನ ಬಳಿಯೇ ಇದೆ; ವಾಪಸ್ ಕೊಡಬೇಕಿತ್ತು.

ಈಗ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಮೊನ್ನೆ ರೈತರೊಬ್ಬರ ರಾಶಿ ಅಡಿಕೆಯ ಚೀಟಿಯಲ್ಲಿ ಚೀಲದ ತೂಕವನ್ನು ಎರಡು ಸಲ ಕಳೆದಿತ್ತು. ಬರೆದವರು ಸಾಹುಕಾರರೇ. ಜನ ತುಂಬಿದ್ದರು. ಬಾಯಿಗೆ ಬಂದದ್ದನ್ನು ತಡೆದುಕೊಂಡು, ಅವರನ್ನು ಗೋದಾಮಿನ ಬಾಗಿಲ ಹತ್ತಿರ ಕರೆದು ತೋರಿಸಿದೆ. ಕನ್ನಡಕ ಏರಿಸಿ ಎರಡು ಸಲ ಓದಿದರು. ಚೀಟಿ ಹರಿದು ಬೇರೆ ಬರೆದುಕೊಟ್ಟರು.